ಲಫೆವ್ರ್: ಒಂದು ಫ್ರೆಂಚ್ ಕುಲನಾಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೆಂಚ್ ಕುಲನಾಮಗಳ ಮಾತು ಬಂದಾಗಲೆಲ್ಲ ನನಗೆ ಹೆಚ್ಚು ಪ್ರಶ್ನೆಗಳು ಬರುವುದು ಈ ಒಂದು ಹೆಸರಿನ ಬಗ್ಗೆ. ಕೇಳುವವರಲ್ಲಿ ಚರಿತ್ರೆಯ ವಿದ್ಯಾರ್ಥಿಗಳಿದ್ದಾರೆ, ಅನುವಾದಕರಿದ್ದಾರೆ, ಫ್ರೆಂಚ್ ಅಳಿಯನನ್ನೋ ಸೊಸೆಯನ್ನೋ ಪಡೆದ ತಂದೆತಾಯಿಗಳೂ ಇದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಾಗದಪತ್ರಗಳ ಕಗ್ಗಂಟು ಕೊನೆಗೆ.

## ಮೊದಲ ಪರಿಚಯ

ಪತ್ರಿಕೆಗಳಲ್ಲಿ ಲೆಫೆಬ್ವ್ರೆ, ಲೆಫೆಬ್ರೆ, ಲೆಫೆವರ್ ಎಂದೆಲ್ಲ ನೋಡಿದ್ದೇನೆ. ಸರಿಯಾದ ಉಚ್ಚಾರ ಯಾವುದು?

ಲಫೆವ್ರ್. ಬರೆಯುವಾಗ ಎಲ್-ಇ-ಎಫ್-ಇ-ಬಿ-ವಿ-ಆರ್-ಇ ಎಂಬ ಎಂಟು ಅಕ್ಷರಗಳಿದ್ದರೂ ಬಿ ಅಕ್ಷರಕ್ಕೆ ಉಚ್ಚಾರವಿಲ್ಲ, ಕೊನೆಯ ಇ ಕೂಡ ಕೇಳಿಸುವುದಿಲ್ಲ. ಮೊದಲ 'ಲ' ತೀರ ಹಗುರ, ಒತ್ತು ಬೀಳುವುದು 'ಫೆ' ಮೇಲೆ, ಕೊನೆಯ 'ರ್' ಗಂಟಲಿನಲ್ಲಿ ಹುಟ್ಟಿ ಅಲ್ಲೇ ಅಡಗುತ್ತದೆ. ಬಿ ಇಲ್ಲದೆ ಬರೆಯುವ ರೂಪವನ್ನೂ ಹೀಗೆಯೇ ಓದಬೇಕು. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಮಾತ್ರ ಬೇರೆ. ಫೋನಿನಲ್ಲಿ ಹೆಸರು ಹೇಳುವ ಫ್ರೆಂಚರೇ "ಬಿ ಇದೆ" ಅಥವಾ "ಬಿ ಇಲ್ಲ" ಎಂದು ಸೇರಿಸಬೇಕಾಗುತ್ತದೆ.

ಈ ಹೆಸರಿಗೆ ಏನಾದರೂ ಅರ್ಥ ಇದೆಯೇ?

ಇದೆ: ಕಮ್ಮಾರ. ಲ್ಯಾಟಿನ್ನಿನಲ್ಲಿ ಕುಶಲಕರ್ಮಿಗೆ, ಅದರಲ್ಲೂ ಲೋಹದ ಕೆಲಸದವನಿಗೆ 'ಫಾಬೆರ್' ಎನ್ನುತ್ತಿದ್ದರು. ಅದು ಹಳೆಯ ಫ್ರೆಂಚಿನಲ್ಲಿ 'ಫೆವ್ರ್' ಆಯಿತು. ಮುಂದಿನ 'ಲ' ಇಂಥವನೇ ಎಂದು ಗೊತ್ತುಪಡಿಸುವ ಪದ, ಕಾಲಕ್ರಮದಲ್ಲಿ ಹೆಸರಿಗೇ ಅಂಟಿಕೊಂಡಿತು. ಕಮ್ಮಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ಉತ್ತರ ಕರ್ನಾಟಕದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಫ್ರಾನ್ಸಿನಲ್ಲಿ ಈ ಹೆಸರು ಜಾತಿಯನ್ನು ಸೂಚಿಸುವುದಿಲ್ಲ. ಕಮ್ಮಾರನ ಮಗ ರೊಟ್ಟಿ ಸುಟ್ಟರೂ, ವಕೀಲನಾದರೂ, ಯಾರ ಮಗಳನ್ನು ಮದುವೆಯಾದರೂ ಹೆಸರು ಹಾಗೆಯೇ ಮುಂದುವರಿಯಿತು. ಕೆಲವು ತಲೆಮಾರುಗಳಲ್ಲಿ ಹೆಸರಿಗೂ ಕುಲುಮೆಗೂ ಸಂಬಂಧ ಕಡಿದುಹೋಯಿತು.

ಹಾಗಾದರೆ ಇಂದಿಗೂ ಫ್ರೆಂಚರು ಕಮ್ಮಾರನಿಗೆ ಫೆವ್ರ್ ಎನ್ನುತ್ತಾರೆಯೇ?

ಇಲ್ಲ. ಈಗಿನ ಪದ ಫೋರ್ಜರೋನ್. ಫೆವ್ರ್ ಎಂಬುದು ಬಳಕೆಯಿಂದ ಜಾರಿ ಕುಲನಾಮಗಳಲ್ಲಿ ಉಳಿದುಕೊಂಡಿದೆ. ಅಕ್ಕಸಾಲಿಗನಿಗೆ ಹೇಳುವ 'ಓರ್‌ಫೆವ್ರ್' ಎಂಬ ಪದದಲ್ಲಿ ಮಾತ್ರ ಅದು ಇನ್ನೂ ಜೀವಂತ. ಅಲ್ಲಿನ 'ಓರ್' ಎಂದರೆ ಚಿನ್ನ.

ಫ್ರಾನ್ಸಿನಲ್ಲಿ ಇದು ಎಷ್ಟು ಸಾಮಾನ್ಯವಾದ ಹೆಸರು? ಯಾವ ಕಡೆ ಹೆಚ್ಚು?

ಹೆಚ್ಚು ಬಳಕೆಯ ಕುಲನಾಮಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಮಾರ್ತ್ಯಾನ್ ಎಂಬ ಹೆಸರಿನದು. ಬಿ ಇರುವ ಲಫೆವ್ರ್ ಮೊದಲ 20ರೊಳಗೆ ನಿಲ್ಲುತ್ತದೆ. ಬಿ ಇಲ್ಲದ ಲಫೆವ್ರ್, ಫಾಬ್ರ್, ಫೋರ್, ಫಾವ್ರ್ ಎಂಬ ದಾಯಾದಿ ರೂಪಗಳನ್ನೆಲ್ಲ ಕೂಡಿಸಿದರೆ ಇನ್ನೂ ಮೇಲೇರುತ್ತದೆ. ಬಿ ಇರುವ ರೂಪದ ಗಟ್ಟಿ ನೆಲೆ ಉತ್ತರದಲ್ಲಿ: ಲೀಲ್ ಸುತ್ತಲಿನ ನೋರ್ ಜಿಲ್ಲೆ, ಪಾ-ದ-ಕಾಲೆ, ಸೊಮ್, ರೂಆನ್ ಕಡೆಯ ನಾರ್ಮಂಡಿ. ದಕ್ಷಿಣದ ಹಳ್ಳಿಯೊಂದರಲ್ಲಿ ಲಫೆವ್ರ್ ಸಿಕ್ಕರೆ ಆ ಮನೆಯವರು ಉತ್ತರದಿಂದ ಇಳಿದು ಬಂದವರೆಂದು ಊಹಿಸುವುದು ವಾಡಿಕೆ, ಆ ಊಹೆ ಸಾಮಾನ್ಯವಾಗಿ ಸರಿಯೇ ಇರುತ್ತದೆ.

ಊರ ತುಂಬ ರೈತರೇ ಇದ್ದ ಕಾಲದಲ್ಲಿ ಕಮ್ಮಾರನ ಹೆಸರು ಇಷ್ಟೊಂದು ಹರಡಿದ್ದು ಹೇಗೆ?

ಊರ ತುಂಬ ರೈತರಿದ್ದದ್ದರಿಂದಲೇ. ಹೆಸರಿನ ಕೆಲಸ ಒಬ್ಬನನ್ನು ಉಳಿದವರಿಂದ ಬೇರ್ಪಡಿಸಿ ತೋರಿಸುವುದು. ನಲವತ್ತು ಮನೆಗಳಲ್ಲಿ ಮೂವತ್ತೆಂಟು ಮನೆಯವರು ಉಳುವವರಾಗಿದ್ದರೆ "ಉಳುವ ಜಾನ್" ಎಂದು ಕರೆದು ಪ್ರಯೋಜನವಿಲ್ಲ, "ಕಮ್ಮಾರ ಜಾನ್" ಎಂದರೆ ಗೊಂದಲವಿಲ್ಲ. ಕುಲನಾಮಗಳು ರೂಪುಗೊಳ್ಳುತ್ತಿದ್ದ 11ರಿಂದ 13ನೇ ಶತಮಾನದ ಅವಧಿಯಲ್ಲಿ ಉತ್ತರ ಫ್ರಾನ್ಸಿನ ಬೇಸಾಯದಲ್ಲಿ ಕಬ್ಬಿಣದ ಬಳಕೆ ಹೆಚ್ಚುತ್ತಿತ್ತು. ಭಾರದ ನೇಗಿಲಿಗೆ ಕುಳ ಬೇಕು, ಉಳುವ ಕುದುರೆಗೆ ಲಾಳ ಬೇಕು, ಕುಡುಗೋಲು ಮೊಂಡಾದರೆ ಹದ ಹಾಕಬೇಕು. ಆದ್ದರಿಂದ ಬಹುತೇಕ ಪ್ರತಿ ದೊಡ್ಡ ಹಳ್ಳಿಗೂ ಒಬ್ಬ ಕಮ್ಮಾರನಿದ್ದ, ಆದರೆ ಒಬ್ಬನೇ ಇದ್ದ. ಎಲ್ಲ ಊರಲ್ಲೂ ಇರುವ, ಯಾವ ಊರಲ್ಲೂ ಹೆಚ್ಚು ಇಲ್ಲದ ಕಸುಬುಗಳಿಂದ ಹುಟ್ಟಿದ ಹೆಸರುಗಳೇ ಹೆಚ್ಚು ಉಳಿದದ್ದು. ಗಿರಣಿಯವನಿಂದ ಬಂದ ಮೋನಿಯೆ, ರೊಟ್ಟಿ ಒಲೆಯವನಿಂದ ಬಂದ ಫೂರ್ನಿಯೆ ಎಂಬ ಕುಲನಾಮಗಳೂ ಇದೇ ಲೆಕ್ಕದಲ್ಲಿ ಬೆಳೆದವು.

ಫ್ರೆಂಚ್ ಕುಲನಾಮಗಳೆಲ್ಲ ಹೀಗೆ ಕಸುಬಿನಿಂದಲೇ ಬಂದವೇ?

ಖಂಡಿತ ಅಲ್ಲ. ತಂದೆಯ ಹೆಸರೇ ಕುಲನಾಮವಾದವು ಬಹಳ, ಮಾರ್ತ್ಯಾನ್ ಅಂಥದ್ದು. ಮೈಕಟ್ಟು, ಬಣ್ಣ, ಸ್ವಭಾವದಿಂದ ಬಂದವುಗಳಲ್ಲಿ ಪತಿ ಎಂದರೆ ಗಿಡ್ಡ, ರೂ ಎಂದರೆ ಕೆಂಗೂದಲಿನವ. ಇರುವ ಜಾಗದಿಂದ ಬಂದವು ಇನ್ನೊಂದು ಗುಂಪು. ಸೇತುವೆ ಪಕ್ಕದವನು ದ್ಯುಪೋನ್, ಕಾಡಂಚಿನವನು ದ್ಯುಬ್ವಾ. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿ, ಇಲ್ಲಿನ ಜನರ ಆಚಾರವಿಚಾರಗಳ ಬಗ್ಗೆ ಬರೆದ ಪಾದ್ರಿ ಆಬೆ ದ್ಯುಬ್ವಾ ಅವರ ಹೆಸರು ಈ ಗುಂಪಿನದು. ನಮ್ಮವರು ಅವರನ್ನು ದೊಡ್ಡಸ್ವಾಮಿ ಎಂದು ಕರೆಯುತ್ತಿದ್ದರು.

## ಒಂದು ಹೆಸರು, ಹಲವು ಕಾಗುಣಿತ

ಉಚ್ಚರಿಸದ ಬಿ ಅಕ್ಷರ ಅಲ್ಲಿಗೆ ಬಂದದ್ದಾದರೂ ಏಕೆ?

ಇದು ಬರಹಗಾರರ, ಅಂದರೆ ನ್ಯಾಯಾಲಯ ಮತ್ತು ನೋಟರಿ ಕಚೇರಿಗಳ ಗುಮಾಸ್ತರ ಕೈಚಳಕ. ಹಳೆಯ ಫ್ರೆಂಚಿನ ಫೆವ್ರ್‌ನಲ್ಲಿ ಬಿ ಇರಲಿಲ್ಲ. ಮಧ್ಯಯುಗದ ಕೊನೆಯಲ್ಲಿ ಲ್ಯಾಟಿನ್ ಬಲ್ಲ ಗುಮಾಸ್ತರು ಪದಗಳಿಗೆ ಲ್ಯಾಟಿನ್ ಮೂಲದ ಗುರುತು ಹಚ್ಚತೊಡಗಿದರು. ಫಾಬೆರ್‌ನಲ್ಲಿ ಬಿ ಇದೆಯಲ್ಲ, ಹಾಗಾದರೆ ಮಗನಲ್ಲೂ ಇರಲಿ ಎಂಬ ಧೋರಣೆ. ಕರ್ತವ್ಯ ಎಂಬ ಅರ್ಥದ 'ದವ್ವಾರ್', ಫೆಬ್ರವರಿಯ 'ಫೆವ್ರಿಯೆ' ಪದಗಳಿಗೂ ಆಗ ಇಂಥದ್ದೇ ಮೂಕ ಬಿ ಅಂಟಿಕೊಂಡಿತ್ತು.

ಬರೀ ಪಾಂಡಿತ್ಯ ಪ್ರದರ್ಶನ ಎಂದು ನಕ್ಕು ಮುಗಿಸುವಂತಿಲ್ಲ, ಅದಕ್ಕೊಂದು ಉಪಯೋಗವೂ ಇತ್ತು. ಆ ಕಾಲದಲ್ಲಿ ಯು ಮತ್ತು ವಿ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿ ವಿ ಆಕಾರ, ನಡುವೆ ಯು ಆಕಾರ. ಹಾಗಾಗಿ ಫೆವ್ರ್ ಎಂದು ಬರೆದರೆ ಕಾಗದದ ಮೇಲೆ ಕಾಣುವುದು ಎಫ್-ಇ-ಯು-ಆರ್-ಇ. ಓದುವವನು ಅದನ್ನು ಇ-ಯು ಕೂಡಿದ ಸ್ವರವೆಂದು ಓದಿಬಿಡಬಹುದು. ನಡುವೆ ಒಂದು ಬಿ ತೂರಿಸಿದರೆ ಇ ಮತ್ತು ಯು ಬೇರ್ಪಡುತ್ತವೆ, ಮುಂದಿನದು ವ್ಯಂಜನ ಎಂದು ಗೊತ್ತಾಗುತ್ತದೆ. 1762ರ ನಿಘಂಟಿನಲ್ಲಿ ಫ್ರೆಂಚ್ ಅಕಾಡೆಮಿ ಯು ಮತ್ತು ವಿಗಳನ್ನು ಬೇರೆ ಬೇರೆ ಅಕ್ಷರಗಳಾಗಿ ಒಪ್ಪಿಕೊಂಡಿತು. ಸಾಮಾನ್ಯ ಪದಗಳಿಂದ ಬಿ ಅಷ್ಟರಲ್ಲಿ ಉದುರಿಹೋಗಿತ್ತು. ಕುಲನಾಮದಿಂದ ಉದುರಲಿಲ್ಲ, ತಾತ ಸಹಿ ಮಾಡಿದಂತೆ ಮೊಮ್ಮಗನೂ ಮಾಡುತ್ತ ಹೋದ.

ಲಫೆಬ್ಯೂರ್ ಎಂಬವರು ಬೇರೆ ವಂಶದವರೇ?

ಹೆಸರಿನ ಮೂಲ ಒಂದೇ. ನಡುವಿನ ಯು ಆಕಾರವನ್ನು ವಿ ಎಂದು ಓದುವ ಬದಲು ಯು ಎಂದೇ ಓದಿದ್ದರ ಫಲ ಇದು. ಅಂದರೆ ಗೊಂದಲ ತಪ್ಪಿಸಲು ಸೇರಿಸಿದ ಬಿ ಇನ್ನೊಂದು ಗೊಂದಲವನ್ನು ಹುಟ್ಟಿಸಿತು, ಮತ್ತು ಈ ಸಲ ಬಿ ಉಚ್ಚಾರವನ್ನೂ ಗಿಟ್ಟಿಸಿಕೊಂಡಿತು! ಕಿವಿಯಿಂದ ಕಿವಿಗೆ ಸಾಗಿದ ಹೆಸರು ಹೀಗಾಗುವುದಿಲ್ಲ. ಕಾಗದವನ್ನು ನೋಡಿ ಓದಿದವರಿಂದ ಮಾತ್ರ ಇಂಥ ರೂಪ ಹುಟ್ಟಲು ಸಾಧ್ಯ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಲಫೆವ್ರ್, ಇನ್ನೊಬ್ಬ ಲಫೆಬ್ಯೂರ್ ಆಗಿಬಿಡುವುದೂ ಉಂಟು.

ಫಾಬ್ರ್, ಫೋರ್, ಫಾವ್ರ್ ಇವೆಲ್ಲ ಅದೇ ಹೆಸರೇ? ಹೇಗೆ ಗುರುತಿಸುವುದು?

ಅದೇ ಲ್ಯಾಟಿನ್ ಫಾಬೆರ್ ಬೇರೆ ಬೇರೆ ಸೀಮೆಯ ಬಾಯಲ್ಲಿ ತಳೆದ ರೂಪಗಳು. ಲಾಂಗ್‌ಡಾಕ್, ಪ್ರೊವಾನ್ಸ್, ರೂಎರ್ಗ್ ಕಡೆ ಫಾಬ್ರ್. ಲಿಮೂಸ್ಯಾನ್, ಓವೆರ್ನ್ಯ್, ದೋಫಿನೆ ಕಡೆ ಫೋರ್. ಸಾವ್ವಾ ಮತ್ತು ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡಿನಲ್ಲಿ ಫಾವ್ರ್. ಫ್ರಾಂಶ್-ಕೋಂತೆಯಲ್ಲಿ ಎ-ಐ ಸೇರಿಸಿ ಬರೆಯುವ ಫೆವ್ರ್. ಪಶ್ಚಿಮದ ಮೆನ್ ಮತ್ತು ಪೂರ್ವ ಬ್ರಿಟನಿಯಲ್ಲಿ ಇ-ಯು ಇರುವ ಇನ್ನೊಂದು ಲಫೆವ್ರ್. ಗ್ಯಾಸ್ಕನಿಯಲ್ಲಿ ಫ ಕಾರವೇ ಹ ಕಾರವಾಗಿ ಓರ್ ಎಂಬ ರೂಪ ಬಂದಿದೆ, ಬರಹದಲ್ಲಿ ಎಚ್ ಇದೆ. ಹಾಲು ಎಂಬುದಕ್ಕೆ ಹಳೆಗನ್ನಡದ ಪಾಲ್ ನೆನೆಯುವ ನಮಗೆ ಇಂಥ ಪಲ್ಲಟ ಹೊಸದಲ್ಲ. ಮುಂದೆ 'ಲ' ಇದ್ದರೆ ಉತ್ತರ, ಇಲ್ಲದಿದ್ದರೆ ದಕ್ಷಿಣ ಅಥವಾ ಪೂರ್ವ ಎಂಬುದು ಮೋಟು ಲೆಕ್ಕ, ಆದರೆ ನಡೆಯುವ ಲೆಕ್ಕ.

ಲ್ಯಾಟಿನ್ ಬೇರಿಲ್ಲದ ಕಮ್ಮಾರರೂ ಇದ್ದಾರೆ. ಬ್ರೆಟನ್ ಭಾಷೆಯಿಂದ ಬಂದ ಲ ಗೋಫ್, ಅಲ್ಸೇಸ್‌ನ ಶ್ಮಿಟ್ ಇಬ್ಬರೂ ಕುಲುಮೆಯವರೇ.

ಲಫೆವ್ರ್ ಎಂಬವರೆಲ್ಲ ಒಂದೇ ಮೂಲಪುರುಷನ ಸಂತಾನವೇ?

ಅಲ್ಲ, ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ. ಎಷ್ಟು ಹಳ್ಳಿಗಳಲ್ಲಿ ಕಮ್ಮಾರನಿದ್ದನೋ ಅಷ್ಟು ಕಡೆ ಈ ಹೆಸರು ಸ್ವತಂತ್ರವಾಗಿ ಹುಟ್ಟಬಹುದಿತ್ತು, ಹುಟ್ಟಿತು ಕೂಡ. ಅಕ್ಕಪಕ್ಕದ ಎರಡು ಹಳ್ಳಿಗಳ ಲಫೆವ್ರ್‌ಗಳು ಪರಸ್ಪರ ಏನೂ ಆಗಬೇಕಾಗಿಲ್ಲ. ತಿರುಗಿಸಿ ನೋಡಿದರೆ, ಕಾಗುಣಿತ ಬೇರೆ ಎಂಬ ಮಾತ್ರಕ್ಕೆ ಸಂಬಂಧವಿಲ್ಲ ಎಂದೂ ಹೇಳಲಾಗದು. ಒಂದೇ ಮನೆತನ ಮೂರು ಕಾಗುಣಿತಗಳಾಗಿ ಒಡೆದಿರಬಹುದು. ಅಕ್ಷರವನ್ನು ಹಿಂಬಾಲಿಸಿದವರು ದಾರಿ ತಪ್ಪುತ್ತಾರೆ, ಊರನ್ನು ಹಿಂಬಾಲಿಸಿದವರು ಮನೆ ಮುಟ್ಟುತ್ತಾರೆ.

## ಹೆಸರು ಹೊತ್ತವರು

ಈ ಹೆಸರಿನ ಪ್ರಸಿದ್ಧರು ಯಾರು ಯಾರು? ಚರಿತ್ರೆಯ ಪಾಠದಲ್ಲಿ ಇಬ್ಬರು ಒಂದೇ ಎಂದುಕೊಂಡು ಎಡವಿದ್ದೇನೆ.

ಎಡವುವುದು ಸಹಜ. ಫ್ರೆಂಚ್ ಕ್ರಾಂತಿಯ ಕಾಲದ ರೈತರನ್ನು ಅಭ್ಯಾಸ ಮಾಡಿದ ಜಾರ್ಜ್ ಲಫೆವ್ರ್ ಹುಟ್ಟಿದ್ದು 1874ರಲ್ಲಿ, ಲೀಲ್ ನಗರದಲ್ಲಿ. ಮಾರ್ಕ್ ಬ್ಲಾಕ್ ಜೊತೆ 1929ರಲ್ಲಿ ಅನಾಲ್ ಪತ್ರಿಕೆಯನ್ನು ಆರಂಭಿಸಿದ ಲ್ಯುಸಿಯಾನ್ ಫೆವ್ರ್ ಹುಟ್ಟಿದ್ದು 1878ರಲ್ಲಿ, ನಾನ್ಸಿಯಲ್ಲಿ. ಇಬ್ಬರೂ ಇತಿಹಾಸಕಾರರು, ಸಮಕಾಲೀನರು, ಇಬ್ಬರ ಹೆಸರಲ್ಲೂ ಮೂಕ ಬಿ ಇದೆ. ಒಬ್ಬರಿಗೆ 'ಲ' ಇದೆ, ಇನ್ನೊಬ್ಬರಿಗಿಲ್ಲ. ನಗರದ ಮೇಲೆ ಜನರ ಹಕ್ಕಿನ ಬಗ್ಗೆ ಬರೆದ ತತ್ವಜ್ಞಾನಿ ಆನ್ರಿ ಲಫೆವ್ರ್ ಮೂರನೆಯವರು. ವ್ಯಾಟಿಕನ್ನಿನ ಸುಧಾರಣೆಗಳನ್ನು ಧಿಕ್ಕರಿಸಿ 1988ರಲ್ಲಿ ಬಹಿಷ್ಕಾರಕ್ಕೆ ಗುರಿಯಾದ ಆರ್ಚ್‌ಬಿಷಪ್ ಮಾರ್ಸೆಲ್ ಲಫೆವ್ರ್ ನಾಲ್ಕನೆಯವರು. ಎಡಪಂಥದ ಆನ್ರಿ, ಸಂಪ್ರದಾಯದ ಮಾರ್ಸೆಲ್ ಇಬ್ಬರೂ ತೀರಿಕೊಂಡದ್ದು 1991ರಲ್ಲಿ.

ದಾಯಾದಿ ರೂಪಗಳಲ್ಲಿ ಕೀಟಗಳ ಬದುಕನ್ನು ಕಣ್ಣಿಟ್ಟು ನೋಡಿದ ಜಾನ್-ಆನ್ರಿ ಫಾಬ್ರ್, ಸಂಗೀತಗಾರ ಗಾಬ್ರಿಯೆಲ್ ಫೊರೆ, ಗಣರಾಜ್ಯದ ಅಧ್ಯಕ್ಷನಾಗಿದ್ದ ಫೆಲಿಕ್ಸ್ ಫೋರ್ ಇದ್ದಾರೆ. ಜೆಸ್ವಿಟ್ ಸಂಘದ ಆರಂಭಿಕರಲ್ಲಿ ಒಬ್ಬರಾದ ಸಾವ್ವಾ ಸೀಮೆಯ ಪಿಯೆರ್ ಫಾವ್ರ್ ಪ್ಯಾರಿಸ್ಸಿನಲ್ಲಿ ಓದುವಾಗ ಒಂದೇ ಕೋಣೆಯಲ್ಲಿದ್ದದ್ದು ಫ್ರಾನ್ಸಿಸ್ ಕ್ಸೇವಿಯರ್ ಜೊತೆ, 1542ರಲ್ಲಿ ಗೋವೆಗೆ ಬಂದಿಳಿದ ಅದೇ ಕ್ಸೇವಿಯರ್. ಈ ಪಟ್ಟಿಯಲ್ಲಿ ಯಾರೂ ಯಾರಿಗೂ ರಕ್ತಸಂಬಂಧಿಗಳೆಂದು ತಿಳಿಯಬೇಡಿ.

ಇದು ಕುಲೀನ ಮನೆತನದ ಹೆಸರೇ? ವಂಶಲಾಂಛನ ಮಾರುವ ಅಂಗಡಿಯಲ್ಲಿ ಲಫೆವ್ರ್ ಲಾಂಛನ ನೋಡಿದೆ.

ಅಂಥ ಅಂಗಡಿಗಳಿಂದ ದೂರವಿರಿ. ಲಾಂಛನ ಇರುವುದು ಒಂದು ನಿರ್ದಿಷ್ಟ ಮನೆತನಕ್ಕೆ, ಹೆಸರಿಗಲ್ಲ. ಜೊತೆಗೆ, ಲಾಂಛನವಿದ್ದ ಮಾತ್ರಕ್ಕೆ ಕುಲೀನರೂ ಆಗಿರಬೇಕಿಲ್ಲ. 1696ರಲ್ಲಿ 14ನೇ ಲೂಯಿ ಯುದ್ಧದ ಖರ್ಚಿಗೆ ಹಣವಿಲ್ಲದೆ, ಲಾಂಛನ ಹೊಂದಿದವರೆಲ್ಲ ತಲೆಗೆ 20 ಲಿವ್ರ್ ಕಟ್ಟಿ ನೋಂದಾಯಿಸಬೇಕೆಂದು ಶಾಸನ ಹೊರಡಿಸಿದ. ವರ್ತಕರು, ಕುಶಲಕರ್ಮಿಗಳು ಕೂಡ ಪಟ್ಟಿಗೆ ಬಿದ್ದರು. ಸ್ವಂತ ಲಾಂಛನ ಇಲ್ಲದವರಿಗೆ ಅಧಿಕಾರಿಗಳೇ ಒಂದನ್ನು ಗೀಚಿ ಹಚ್ಚಿದರು. ತೆರಿಗೆ ರಸೀದಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುವವರನ್ನು ತಡೆಯಲು ನಾನು ಯಾರು?

ಕುಲೀನರಾದ ಲಫೆವ್ರ್‌ಗಳೂ ಇದ್ದರು, ನಿಜ. 16ನೇ ಶತಮಾನದಲ್ಲಿ ರಾಜನ ಹಣಕಾಸು ಹುದ್ದೆಗಳ ಮೂಲಕ ಮೇಲೇರಿದ ಒಲಿವಿಯೆ ಲಫೆವ್ರ್ ಕೊಂಡ ಒರ್ಮೆಸೋನ್ ಎಂಬ ಜಹಗೀರಿನ ಹೆಸರು ವಂಶದ ಹೆಸರಿಗೆ ಸೇರಿತು. ಮುಂದೆ ಕಮ್ಮಾರ ಮರೆಯಾಗಿ ಜಹಗೀರು ಉಳಿಯಿತು. ಕಳೆದ ಶತಮಾನದ ಲೇಖಕ, ಅಕಾಡೆಮಿ ಸದಸ್ಯ ಜಾನ್ ದೊರ್ಮೆಸೋನ್ ಅವರ ಪೂರ್ತಿ ಹೆಸರಿನಲ್ಲಿ ಲಫೆವ್ರ್ ಇದೆ ಎಂಬುದು ಅನೇಕ ಫ್ರೆಂಚರಿಗೇ ಗೊತ್ತಿಲ್ಲ. ಅಮೆರಿಕಕ್ಕೆ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಕೊಡುವ ಯೋಚನೆಯನ್ನು ಮುಂದಿಟ್ಟ ಎದ್ವಾರ್ ದ ಲಾಬುಲೆ ಕೂಡ ಹುಟ್ಟಾ ಲಫೆವ್ರ್ ದ ಲಾಬುಲೆ.

ನೆಪೋಲಿಯನ್ನನ ಮಾರ್ಷಲ್ ಲಫೆವ್ರ್ ಯಾವ ವಂಶದವನು?

ಹೇಳಿಕೊಳ್ಳುವಂಥ ವಂಶವೇನೂ ಅಲ್ಲ, ಅದೇ ಅವನ ಹೆಮ್ಮೆ. ಅಲ್ಸೇಸ್‌ನ ರುಫಾಕ್ ಊರಿನಲ್ಲಿ 1755ರಲ್ಲಿ ಹುಟ್ಟಿದ ಫ್ರಾನ್ಸ್ವಾ ಜೋಸೆಫ್ ಲಫೆವ್ರ್ 1773ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಅಗಸಗಿತ್ತಿಯಾಗಿ ಬಟ್ಟೆ ಒಗೆದು ಬದುಕುತ್ತಿದ್ದ ಕ್ಯಾಥರೀನ್ ಹ್ಯೂಬ್ಷೆರ್‌ಳನ್ನು ಮದುವೆಯಾದ. ಕ್ರಾಂತಿಯ ಯುದ್ಧಗಳು ಅವನನ್ನು ಜನರಲ್ ಮಾಡಿದವು. 1807ರಲ್ಲಿ ಡಾನ್ಜಿಗ್ ಮುತ್ತಿಗೆಯನ್ನು ಗೆದ್ದದ್ದಕ್ಕೆ ಡಾನ್ಜಿಗ್‌ನ ಡ್ಯೂಕ್ ಎಂಬ ಪದವಿ ಬಂತು, ಅಗಸಗಿತ್ತಿ ಡಚೆಸ್ ಆದಳು.

ಅವನ ಸಿರಿ ಕಂಡು ಹಳೆಯ ಗೆಳೆಯನೊಬ್ಬ ಕರುಬಿದನಂತೆ. ಅಂಗಳಕ್ಕೆ ಬಾ, ಮೂವತ್ತು ಹೆಜ್ಜೆ ದೂರದಿಂದ ನಿನ್ನ ಮೇಲೆ ಇಪ್ಪತ್ತು ಗುಂಡು ಹಾರಿಸುತ್ತೇನೆ, ಬದುಕಿ ಉಳಿದರೆ ಇದೆಲ್ಲ ನಿನ್ನದೇ ಎಂದನಂತೆ ಮಾರ್ಷಲ್. ಗೆಳೆಯ ಒಪ್ಪದಿದ್ದಾಗ, ಇದನ್ನು ಗಳಿಸುವ ಮುನ್ನ ನನ್ನ ಮೇಲೆ ಸಾವಿರ ಗುಂಡು ಹಾರಿವೆ, ಅದೂ ಹತ್ತಿರದಿಂದ ಎಂದನಂತೆ. ಕತೆ ಬಾಯಿಂದ ಬಾಯಿಗೆ ಬಂದದ್ದು, ಪದ ಪದ ನಿಜವೆಂದು ನಂಬಬೇಕಿಲ್ಲ.

## ಕಡಲಾಚೆ

ಅಮೆರಿಕ, ಕೆನಡಾಗಳಲ್ಲಿ ಲಫೇವ್, ಲೆಫೀವರ್, ಕೊನೆಗೆ ಬೀನ್ ಎಂಬವರೂ ತಾವು ಲಫೆವ್ರ್ ವಂಶದವರೆನ್ನುತ್ತಾರೆ. ನಂಬಬಹುದೇ?

ನಂಬಬಹುದು, ಪರೀಕ್ಷಿಸಿ ನಂಬಬೇಕು. 17ನೇ ಶತಮಾನದಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯ ದಡಕ್ಕೆ ಹೋದ ಲಫೆವ್ರ್‌ಗಳು ಒಬ್ಬಿಬ್ಬರಲ್ಲ. ಹೆಸರು ಒಂದೇ ಆಗಿ ಗೊಂದಲವಾದಾಗ ಅಲ್ಲಿನವರು ಇನ್ನೊಂದು ಉಪನಾಮ ಸೇರಿಸುತ್ತಿದ್ದರು. "ಬುಲಾಂಜೆ ಎನಿಸಿಕೊಂಡ ಲಫೆವ್ರ್" ಎಂಬ ಮನೆತನವೇ ಇದೆ. ಬುಲಾಂಜೆ ಎಂದರೆ ರೊಟ್ಟಿ ಸುಡುವವನು, ಹಾಗಾಗಿ ಇವರು ರೊಟ್ಟಿಯವರೆನಿಸಿದ ಕಮ್ಮಾರರು. ಮುಂದಿನ ತಲೆಮಾರುಗಳಲ್ಲಿ ಕೆಲವರು ಮೊದಲ ಹೆಸರನ್ನು, ಕೆಲವರು ಎರಡನೆಯದನ್ನು ಉಳಿಸಿಕೊಂಡರು.

ಅಲ್ಲಿಂದ ಅಮೆರಿಕದ ಗಿರಣಿಗಳಿಗೆ ಹೋದವರ ಹೆಸರನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು, ಹೀಗೆ ಲಫೇವ್, ಲೆಫೀವರ್. ಬೀನ್ ಬಂದದ್ದು ಇನ್ನೂ ಮೋಜಿನ ದಾರಿಯಲ್ಲಿ. ಫೆವ್ರ್‌ನ ಕೊನೆಯ ರ ಕಾರ ಬಾಯಲ್ಲಿ ಬಿದ್ದುಹೋದರೆ 'ಫೆವ್' ಆಗುತ್ತದೆ, ಹಾಗೆಂದರೆ ಅವರೆಯ ಜಾತಿಯ ಕಾಳು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಬೀನ್ ಎಂದರು. ಮಿಸಿಸಿಪ್ಪಿಯ ಅಮೆರಿಕನ್ ಫುಟ್‌ಬಾಲ್ ಆಟಗಾರ ಬ್ರೆಟ್ ಫಾವ್ರ್ ತನ್ನ ಹೆಸರನ್ನು ಫಾರ್ವ್ ಎಂದು ಉಚ್ಚರಿಸುತ್ತಾನೆ, ರ ಮತ್ತು ವ ಜಾಗ ಬದಲಿಸಿಕೊಂಡಿವೆ.

ಪ್ರೊಟೆಸ್ಟೆಂಟರ ದಾರಿಯೇ ಬೇರೆ. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಜರ್ಮನಿಯ ಪಾಲಟಿನೇಟ್ ಮೂಲಕ ಹೊರಟ ಸಿಮೋನ್ ಮತ್ತು ಆಂಡ್ರೀಸ್ ಲಫೆವ್ರ್, ನ್ಯೂಯಾರ್ಕ್ ಸೀಮೆಯ ನ್ಯೂ ಪಾಲ್ಟ್ಸ್ ಊರನ್ನು ಕಟ್ಟಿದ ಹನ್ನೆರಡು ಮಂದಿಯಲ್ಲಿ ಸೇರಿದ್ದಾರೆ. ಆ ಜಮೀನಿನ ಹಕ್ಕುಪತ್ರ 1677ರದು.

ಪುದುಚೇರಿಯಲ್ಲಿ ಫ್ರೆಂಚ್ ಕುಲನಾಮದ ತಮಿಳರಿದ್ದಾರೆ. ಅವರೆಲ್ಲ ಫ್ರೆಂಚ್ ಸಂತಾನವೇ?

ಕುಲನಾಮ ನೋಡಿ ಹಾಗೆ ತೀರ್ಮಾನಿಸಬೇಡಿ. 1881ರ ಸೆಪ್ಟೆಂಬರ್ 21ರ ಆದೇಶದಂತೆ, ಫ್ರೆಂಚ್ ಆಳ್ವಿಕೆಯಲ್ಲಿದ್ದ ಭಾರತೀಯರು ತಮ್ಮ ಜಾತಿ-ಧರ್ಮದ ವೈಯಕ್ತಿಕ ಕಾನೂನನ್ನು ತ್ಯಜಿಸಿ ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡಬಹುದಿತ್ತು. ಹಾಗೆ ಮಾಡಿದವರು ಒಂದು ಕುಲನಾಮವನ್ನು ಆರಿಸಿಕೊಳ್ಳಬೇಕಿತ್ತು. ಆ ಚಳವಳಿಯ ಮುಂದಾಳು, ವಕೀಲ ಪೊನ್ನುತಂಬಿ ಪಿಳ್ಳೈ ಅವರು ಲಾಪೋರ್ತ್ ಎಂಬ ಹೆಸರು ತೆಗೆದುಕೊಂಡರು. ಫ್ರೆಂಚಿನಲ್ಲಿ ಲಾಪೋರ್ತ್ ಎಂದರೆ ಬಾಗಿಲು. ಅಲ್ಲಿನ ಫ್ರೆಂಚ್ ಕುಲನಾಮಗಳಲ್ಲಿ ಹಲವು ರಕ್ತದಿಂದ ಬಂದವಲ್ಲ, ಸಹಿಯಿಂದ ಬಂದವು.

## ಕಾನೂನು

1539ರ ರಾಜಶಾಸನದಿಂದ ಕುಲನಾಮಗಳು ಕಡ್ಡಾಯವಾದವು ಎಂದು ಓದಿದೆ. ಸರಿಯೇ?

ಎಲ್ಲ ಕಡೆ ಹಾಗೆ ಬರೆದಿರುತ್ತಾರೆ, ಆದರೆ ಸರಿಯಲ್ಲ. 1ನೇ ಫ್ರಾನ್ಸ್ವಾ ದೊರೆ 1539ರ ಆಗಸ್ಟ್‌ನಲ್ಲಿ ವಿಲೆರ್-ಕೊತ್ರೆಯಲ್ಲಿ ಹೊರಡಿಸಿದ ಶಾಸನ ಹೇಳಿದ್ದು ಪಾದ್ರಿಗಳು ದೀಕ್ಷಾಸ್ನಾನದ ದಾಖಲೆ ಇಡಬೇಕು, ನ್ಯಾಯಾಲಯದ ಕಾಗದಗಳು ಫ್ರೆಂಚಿನಲ್ಲಿರಬೇಕು ಎಂದು. ಕುಲನಾಮ ತಂದೆಯಿಂದ ಮಕ್ಕಳಿಗೆ ಇಳಿಯುವ ರೂಢಿ ಅದಕ್ಕೂ ಮೊದಲೇ ಬೇರೂರಿತ್ತು. ದಾಖಲೆ ಆ ರೂಢಿಯನ್ನು ಗಟ್ಟಿ ಮಾಡಿತು, ಅಷ್ಟೇ. 1579ರಲ್ಲಿ ಮದುವೆ ಮತ್ತು ಶವಸಂಸ್ಕಾರಗಳೂ ದಾಖಲಾಗಬೇಕೆಂಬ ಆಜ್ಞೆ ಬಂತು. 1792ರ ಸೆಪ್ಟೆಂಬರ್‌ನಲ್ಲಿ ಕ್ರಾಂತಿ ಸರ್ಕಾರ ಈ ಕೆಲಸವನ್ನು ಚರ್ಚಿನಿಂದ ಕಿತ್ತು ಪುರಸಭೆಗೆ ಕೊಟ್ಟಿತು.

ನಿಜವಾಗಿ ಹೆಸರಿಗೆ ಮೊಳೆ ಹೊಡೆದದ್ದು 1794ರ ಆಗಸ್ಟ್ 23ರ ಕಾನೂನು. ಜನನ ದಾಖಲೆಯಲ್ಲಿರುವ ಹೆಸರು ಬಿಟ್ಟು ಬೇರೆಯದನ್ನು ಯಾರೂ ಧರಿಸಕೂಡದು ಎಂದಿತು. ಅಲ್ಲಿಗೆ ಗುಮಾಸ್ತ ಬಿ ಬರೆದಿದ್ದರೆ ಬಿ, ಬಿಟ್ಟಿದ್ದರೆ ಬಿಟ್ಟಂತೆ. ತಿದ್ದಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಮಗಳು ಲಫೆವ್ರ್ ಮನೆಗೆ ಸೊಸೆಯಾಗಿ ಹೋಗಿದ್ದಾಳೆ. ಅವಳ ಹೆಸರು ಬದಲಾಗುತ್ತದೆಯೇ? ಮಕ್ಕಳ ಹೆಸರು?

ಕಾನೂನಿನ ಪ್ರಕಾರ ಬದಲಾಗುವುದಿಲ್ಲ. ಫ್ರಾನ್ಸಿನಲ್ಲಿ ಹೆಣ್ಣಿನ ಹುಟ್ಟುಹೆಸರೇ ಕೊನೆಯವರೆಗೆ ಅವಳ ಅಧಿಕೃತ ಹೆಸರು. ಗಂಡನ ಹೆಸರು ಬಳಕೆಯ ಹೆಸರು ಮಾತ್ರ, ಬೇಕಿದ್ದರೆ ಇಟ್ಟುಕೊಳ್ಳಬಹುದು, ಗಂಡನೂ ಹೆಂಡತಿಯದನ್ನು ಇಟ್ಟುಕೊಳ್ಳಬಹುದು. 2005ರಿಂದ ಮಕ್ಕಳಿಗೆ ತಂದೆಯ ಹೆಸರು, ತಾಯಿಯ ಹೆಸರು ಅಥವಾ ಎರಡನ್ನೂ ಬೇಕಾದ ಕ್ರಮದಲ್ಲಿ ಕೊಡಬಹುದು. 2022ರ ಜುಲೈ 1ರಿಂದ ವಯಸ್ಕರು ಜೀವನದಲ್ಲಿ ಒಮ್ಮೆ, ಕಾರಣ ಹೇಳದೆ, ತಂದೆಯ ಹೆಸರಿನ ಬದಲು ತಾಯಿಯ ಹೆಸರನ್ನು ತೆಗೆದುಕೊಳ್ಳಬಹುದು, ಇದರ ತಿರುಗುಮುರುಗೂ ಆಗಬಹುದು. ಪುರಸಭೆಯಲ್ಲಿ ಅರ್ಜಿ ಕೊಟ್ಟು, ಒಂದು ತಿಂಗಳ ಬಳಿಕ ಸ್ವತಃ ಹೋಗಿ ಖಚಿತಪಡಿಸಬೇಕು.

## ಹುಡುಕಾಟಕ್ಕೆ ಇಳಿದವರಿಗೆ

ಅಳಿಯ ಲೀಲ್ ಕಡೆಯವನು. ಮೊಮ್ಮಗಳಿಗಾಗಿ ಅವನ ಕಡೆಯ ವಂಶವೃಕ್ಷ ಬರೆಯಬೇಕೆಂದಿದ್ದೇನೆ. ಬೆಂಗಳೂರಿನಲ್ಲಿ ಕುಳಿತು ಆಗುವ ಕೆಲಸವೇ?

ಆಗುತ್ತದೆ, ಅದೂ ಹೆಚ್ಚು ಖರ್ಚಿಲ್ಲದೆ. ಫ್ರಾನ್ಸಿನ ಜಿಲ್ಲಾ ಪತ್ರಾಗಾರಗಳು ಹಳೆಯ ದಾಖಲೆ ಪುಸ್ತಕಗಳ ಚಿತ್ರಗಳನ್ನು ಅಂತರಜಾಲದಲ್ಲಿ ಇಟ್ಟಿವೆ. ಜನನ, ಮದುವೆ ದಾಖಲೆಗಳು 75 ವರ್ಷ ಕಳೆದ ಮೇಲೆ ಸಾರ್ವಜನಿಕವಾಗುತ್ತವೆ. ಮನೆಯಲ್ಲಿರುವ ಕಾಗದಗಳಿಂದ ಹೊರಟು ಒಂದೊಂದೇ ತಲೆಮಾರು ಹಿಂದೆ ಸರಿಯಿರಿ. ಮದುವೆಯ ದಾಖಲೆಯೇ ಹೆಚ್ಚು ಕೈ ಹಿಡಿಯುವುದು: ಗಂಡು-ಹೆಣ್ಣಿನ ಹುಟ್ಟಿದ ಊರು, ದಿನ, ಕಸುಬು, ನಾಲ್ವರು ತಂದೆತಾಯಿಗಳ ಹೆಸರು ಎಲ್ಲವೂ ಅಲ್ಲಿರುತ್ತವೆ. 1897ರಿಂದ ಜನನ ದಾಖಲೆಯ ಅಂಚಿನಲ್ಲಿ ಆ ವ್ಯಕ್ತಿಯ ಮದುವೆಯನ್ನೂ ಟಿಪ್ಪಣಿ ಮಾಡುತ್ತಾರೆ. ವರ್ಷ ಗೊತ್ತಿಲ್ಲದಿದ್ದರೆ ಹತ್ತು ಹತ್ತು ವರ್ಷಗಳಿಗೆ ತಯಾರಿಸಿದ ಸೂಚಿಗಳಿವೆ.

ಲಫೆವ್ರ್‌ನಂಥ ಹೆಸರಿಗೆ ನನ್ನ ಒಂದು ಸಲಹೆ: ಗಂಡಸನ್ನು ಬಿಟ್ಟು ಹೆಂಡತಿಯನ್ನು ಹುಡುಕಿ. ಒಂದೇ ಊರಿನಲ್ಲಿ ನಾಲ್ಕು ಜಾನ್ ಲಫೆವ್ರ್‌ಗಳಿದ್ದರೂ ಅಪರೂಪದ ಹುಟ್ಟುಹೆಸರಿನ ಹೆಂಡತಿ ಒಬ್ಬನಿಗೇ ಇರುತ್ತಾಳೆ. ಫ್ರೆಂಚ್ ದಾಖಲೆಗಳು ಹೆಣ್ಣಿನ ಹುಟ್ಟುಹೆಸರನ್ನು ಬಿಡದೆ ಬರೆಯುವುದರಿಂದ ಇದು ಸಾಧ್ಯ.

ಒಂದೇ ಪುಟದಲ್ಲಿ ಮೇಲೆ ಒಂದು ಕಾಗುಣಿತ, ಕೆಳಗೆ ಸಹಿಯಲ್ಲಿ ಇನ್ನೊಂದು. ಇಬ್ಬರು ಬೇರೆಯವರೇ?

ಒಬ್ಬನೇ ಇರುವ ಸಂಭವ ಹೆಚ್ಚು. 18ನೇ ಶತಮಾನದ ಪುಟವೊಂದನ್ನು ಕಲ್ಪಿಸಿಕೊಳ್ಳಿ. ಪಾದ್ರಿ ತಾನು ಕಲಿತಂತೆ ಬಿ ಸೇರಿಸಿ ಮೇಲೆ ಬರೆದಿದ್ದಾನೆ. ಮಗುವಿನ ತಂದೆ ಬಿ ಇಲ್ಲದೆ ಸಹಿ ಹಾಕಿದ್ದಾನೆ. ಚಿಕ್ಕಪ್ಪ 'ಲ' ಬೇರೆ ಬಿಡಿಸಿ ಬರೆದಿದ್ದಾನೆ. ಅಕ್ಷರ ಬಾರದ ಅಜ್ಜ ಬರೀ ಅಡ್ಡಗೆರೆ ಉದ್ದಗೆರೆಯ ಗುರುತು ಹಾಕಿದ್ದಾನೆ. ನಾಲ್ವರೂ ಒಂದೇ ಮನೆಯವರು. ಕೆಲವು ಕುಶಲಕರ್ಮಿಗಳು ಗುರುತಿನ ಬದಲು ತಮ್ಮ ಉಪಕರಣದ ಚಿತ್ರವನ್ನೇ ಬಿಡಿಸುತ್ತಿದ್ದರು. ಕಾಗುಣಿತಕ್ಕಿಂತ ಸಹಿಯ ಬಳುಕು, ಸಾಕ್ಷಿಗಳು, ಮಗುವಿನ ಧರ್ಮಪಿತೃಗಳು ನಂಬಿಕೆಗೆ ಹೆಚ್ಚು ಅರ್ಹರು. ಹುಡುಕುವಾಗ ಎಲ್ಲ ಕಾಗುಣಿತಗಳನ್ನೂ ಹಾಕಿ ನೋಡಿ, ಎಲ್ ಅಕ್ಷರದ ಜೊತೆಗೆ ಎಫ್ ಅಕ್ಷರದ ಪಟ್ಟಿಯನ್ನೂ.

ಹಳೆಯ ಕಾಗದದಲ್ಲಿ ಫಾಬೆರ್, ಫಾಬ್ರಿ ಎಂದಿದೆ. ಪೂರ್ವಜರು ಇಟಲಿಯವರೇ?

ಬಹುಶಃ ಅಲ್ಲ, ಬರೆದವನು ಲ್ಯಾಟಿನ್ನಿನಲ್ಲಿ ಬರೆದಿದ್ದಾನೆ. ಫಾಬ್ರಿ ಎಂದರೆ 'ಕಮ್ಮಾರನ', ಅಂದರೆ ಕಮ್ಮಾರನ ಮಗ. ವಿದ್ವಾಂಸರೂ ತಮ್ಮ ಹೆಸರನ್ನು ಹೀಗೆ ತಿರುಗಿಸಿಕೊಳ್ಳುತ್ತಿದ್ದರು. ಹೊಸ ಒಡಂಬಡಿಕೆಯನ್ನು 1523ರಲ್ಲಿ ಫ್ರೆಂಚಿಗೆ ತಂದ ಪಿಕಾರ್ದಿಯ ಜಾಕ್ ಲಫೆವ್ರ್ ದೆತಾಪ್ಲ್ ಯುರೋಪಿನ ಪಂಡಿತರಿಗೆಲ್ಲ ಯಾಕೋಬುಸ್ ಫಾಬೆರ್ ಸ್ತಾಪುಲೆನ್ಸಿಸ್.

1292ರ ಪ್ಯಾರಿಸ್ ತೆರಿಗೆ ಪಟ್ಟಿಯಲ್ಲಿ ಫೆವ್ರ್ ಎಂಬವರಿದ್ದಾರೆ. ಅದು ಕುಲನಾಮವೋ ಕಸುಬೋ?

ಪ್ರತಿ ಸಾಲನ್ನೂ ಬೇರೆಯಾಗಿ ತೂಗಬೇಕು. ಹೆಸರಿನ ಮುಂದೆ ಫೆವ್ರ್ ಎಂದಷ್ಟೇ ಇದ್ದರೆ ಅವನು ಸುತ್ತಿಗೆ ಹಿಡಿದವನೇ ಆಗಿರಬಹುದು. ಫೆವ್ರ್ ಎಂದು ಬರೆದು ಪಕ್ಕದಲ್ಲಿ ಇನ್ನೊಂದು ಕಸುಬನ್ನೂ ಬರೆದಿದ್ದರೆ, ಅಲ್ಲಿ ಫೆವ್ರ್ ಕಸುಬಿನ ಹಿಡಿತದಿಂದ ಬಿಡಿಸಿಕೊಂಡಿದೆ ಎಂದರ್ಥ. ಮಗನಿಗೂ ಅದೇ ಹೆಸರು, ಬೇರೆ ಕಸುಬು ಎಂದು ತೋರಿಸುವ ಎರಡನೇ ದಾಖಲೆ ಸಿಕ್ಕರೆ ಮಾತ್ರ ಕುಲನಾಮವೆಂದು ಧೈರ್ಯವಾಗಿ ಹೇಳಬಹುದು. ಪ್ಯಾರಿಸ್ಸಿನಲ್ಲಿ ಆಗ ಫೆವ್ರ್ ಎಂಬುದೂ ಒಂದೇ ಕಸುಬಾಗಿರಲಿಲ್ಲ. 1268ರ ಸುಮಾರಿಗೆ ನಗರಾಧಿಕಾರಿ ಎತಿಯೆನ್ ಬ್ವಾಲೋ ಕಲೆಹಾಕಿಸಿದ ಕಸುಬುಗಳ ನಿಯಮಗಳಲ್ಲಿ ಚೂರಿಯ ಅಲಗು ಬಡಿಯುವವರದು ಒಂದು ಗುಂಪು, ಲಾಳದವರದು ಇನ್ನೊಂದು.

ಪ್ಯಾರಿಸ್ಸಿನಲ್ಲಿ 1860ಕ್ಕಿಂತ ಹಿಂದೆ ಹೋಗಲು ಆಗುತ್ತಿಲ್ಲ. ಬೇರೆ ದಾರಿ ಇದೆಯೇ?

1871ರ ಮೇ ತಿಂಗಳಲ್ಲಿ ಪ್ಯಾರಿಸ್ ಕಮ್ಯೂನ್ ಎಂಬ ಬಂಡುಕೋರ ನಗರ ಸರ್ಕಾರ ಕೊನೆಗೊಳ್ಳುವ ದಿನಗಳಲ್ಲಿ ನಗರಸಭೆಯ ಕಟ್ಟಡವೂ ನ್ಯಾಯಾಲಯದ ಕಟ್ಟಡವೂ ಸುಟ್ಟವು. ಜನನ, ಮದುವೆ, ಮರಣ ದಾಖಲೆಗಳ ಒಂದು ಪ್ರತಿಯನ್ನು ಒಂದು ಕಟ್ಟಡದಲ್ಲಿ, ಇನ್ನೊಂದನ್ನು ಇನ್ನೊಂದರಲ್ಲಿ ಇಟ್ಟ ಜಾಣತನ ವ್ಯರ್ಥವಾಯಿತು. ಆಮೇಲೆ ಕುಟುಂಬಗಳ, ನೋಟರಿಗಳ ಬಳಿಯಿದ್ದ ಪ್ರತಿಗಳಿಂದ ಸುಮಾರು ಮೂರನೇ ಒಂದು ಭಾಗವನ್ನು ಮರಳಿ ಕಟ್ಟಿದರು, ಮೊದಲು ಅಲ್ಲಿ ನೋಡಿ. ಸಿಗದಿದ್ದರೆ ನೋಟರಿಗಳ ವಿವಾಹ ಒಪ್ಪಂದಗಳು, ಆಸ್ತಿ ಪಟ್ಟಿಗಳು ಇವೆ. ನಾರ್ಮಂಡಿಯ ಮಾಂಶ್ ಜಿಲ್ಲೆಯವರಿಗೂ ಇಂಥದ್ದೇ ಕಷ್ಟ, ಸೇಂಟ್-ಲೋ ಪತ್ರಾಗಾರ 1944ರ ಜೂನ್‌ನ ಬಾಂಬ್ ದಾಳಿಯಲ್ಲಿ ಬೂದಿಯಾಯಿತು.

ದಿನಾಂಕದ ಜಾಗದಲ್ಲಿ "6 ಫ್ರುಕ್ತಿದೋರ್, ವರ್ಷ 2" ಎಂದಿದೆ. ಇದೇನು?

ಕ್ರಾಂತಿಯ ಪಂಚಾಂಗ. 1793ರಿಂದ 1805ರ ಕೊನೆಯವರೆಗೆ ಅಧಿಕೃತ ದಾಖಲೆಗಳಲ್ಲಿ ಇದೇ ಇರುತ್ತದೆ. ಪರಿವರ್ತನೆಯ ಕೋಷ್ಟಕಗಳು ಸುಲಭವಾಗಿ ಸಿಗುತ್ತವೆ, ನೀವು ಕೇಳಿದ್ದು 1794ರ ಆಗಸ್ಟ್ 23, ಹೆಸರಿನ ಕಾನೂನು ಬಂದ ಅದೇ ದಿನ. ಹಣ್ಣು, ಮಂಜು, ಸುಗ್ಗಿಗಳನ್ನು ನೆನಪಿಸುವ ಆ ತಿಂಗಳ ಹೆಸರುಗಳನ್ನು ಕಟ್ಟಿಕೊಟ್ಟ ಕವಿ ಫಾಬ್ರ್ ದೆಗ್ಲಾಂತೀನ್, ಅವನೂ ಕಮ್ಮಾರರ ಹೆಸರಿನವನೇ. ತಾನು ಹೆಸರಿಟ್ಟ ಜೆರ್ಮಿನಾಲ್ ತಿಂಗಳ 16ರಂದು, ಅಂದರೆ 1794ರ ಏಪ್ರಿಲ್ 5ರಂದು, ಗಿಲೋಟಿನ್‌ಗೆ ತಲೆ ಕೊಟ್ಟ.

ಇಷ್ಟೆಲ್ಲ ಏಕೆ, ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದೇ?

ಫ್ರಾನ್ಸಿನಲ್ಲಿ ಕುತೂಹಲಕ್ಕಾಗಿ ಅಂಥ ಪರೀಕ್ಷೆ ಮಾಡಿಸುವುದು ಕಾನೂನುಬಾಹಿರ, 3,750 ಯೂರೋವರೆಗೆ ದಂಡವಿದೆ. ಅನೇಕರು ವಿದೇಶಿ ಕಂಪನಿಗಳಿಗೆ ಎಂಜಲು ಕಳಿಸುತ್ತಾರೆ ಎಂಬುದು ಬೇರೆ ಮಾತು. ಕೆನಡಾದ ಇಬ್ಬರು ಲಫೆವ್ರ್‌ಗಳು ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವನ್ನು ಹೋಲಿಸಿ ಒಂದೇ ವಂಶವೋ ಅಲ್ಲವೋ ಎಂದು ತಿಳಿಯಬಹುದು, ಅಷ್ಟರ ಮಟ್ಟಿಗೆ ಉಪಯೋಗವಿದೆ. ಆದರೆ ಯಾವ ಊರು, ಯಾವ ಕುಲುಮೆ ಎಂಬುದನ್ನು ಎಂಜಲು ಹೇಳುವುದಿಲ್ಲ. ಅಳಿಯನನ್ನು ಪರೀಕ್ಷೆಗೆ ಒತ್ತಾಯಿಸುವ ಬದಲು ಅವನ ಅಜ್ಜ-ಅಜ್ಜಿಯ ಮದುವೆ ಯಾವ ಊರ ಪುರಸಭೆಯಲ್ಲಿ ಆಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ.